ಆ ಒಂದು ಗಂಟೆ

ಅತ್ತೆಯವರ ವೈಕುಂಠ ಸಮಾರಾಧನೆಯ ದಿನ, ಊಟಕ್ಕೆ ಎಲೆ ಹಾಕುವ ಮುಂಚೆ ನನ್ನ ಮೈದುನ ಎದ್ದು ನಿಂತು ನಾಲ್ಕು ಮಾತಾಡಿದರು. ಮುಂಬಯಿಯಲ್ಲಿ ಮೂವತ್ತೈದು ವರ್ಷ ಬ್ಯಾಂಕಿನ ಕೆಲಸ ಮಾಡಿ ನಿವೃತ್ತರಾದವರು. ಮನಸ್ಸು ತುಂಬಿ ಬಂದಾಗ ಅವರ ಬಾಯಿಗೆ ತಾನಾಗಿ ಇಂಗ್ಲಿಷ್ ಬಂದುಬಿಡುತ್ತದೆ. ಅಮ್ಮನ ಕೈಯಡುಗೆ, ಅಮ್ಮ ಹೇಳುತ್ತಿದ್ದ ಸಂಪ್ರದಾಯದ ಹಾಡುಗಳು, ಅಪ್ಪ ಹೋದ ಮೇಲೆ ಅಮ್ಮ ಮನೆಯನ್ನು ಹಿಡಿದು ನಿಲ್ಲಿಸಿದ್ದು, ಎಲ್ಲವನ್ನೂ ನೆನೆದು ಕೊನೆಗೆ ನನ್ನ ಕಡೆ ತಿರುಗಿದರು. "ಅಮ್ಮ ಹಾಸಿಗೆ ಹಿಡಿದ ಆ ಆರು ವರ್ಷ ಇದೆಯಲ್ಲ, ಅದು ನಮ್ಮ ಅತ್ತಿಗೆಯವರ ಫೈನೆಸ್ಟ್ ಅವರ್" ಎಂದರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ತಲೆ ತಗ್ಗಿಸಿದೆ. ಎಲ್ಲರೂ ಅದನ್ನು ವಿನಯವೆಂದುಕೊಂಡರು. ಅದು ವಿನಯವಾಗಿರಲಿಲ್ಲ.

ಆ ಮಾತು ಅಲ್ಲಿಗೇ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆನೇನೋ. ಆದರೆ ಎಂಟು ತಿಂಗಳ ಮೇಲೆ ಮೈದುನ ಫೋನು ಮಾಡಿದರು. ವರ್ಷಾಬ್ದಿಕದ ದಿನ ಹಂಚಲು ಅಮ್ಮನ ಬಗ್ಗೆ ಒಂದು ಚಿಕ್ಕ ಪುಸ್ತಿಕೆ ಮಾಡಿಸುತ್ತಾರಂತೆ. "ನನ್ನ ಮಾತನ್ನೆಲ್ಲ ಬರೆದು ಕಳಿಸಿದೀನಿ ಅತ್ತಿಗೆ, ಅರ್ಧ ಇಂಗ್ಲಿಷಲ್ಲೇ ಇದೆ. ನೀವು ಇಂಗ್ಲಿಷ್ ಮೇಡಂ ಅಲ್ವೆ, ಒಳ್ಳೆ ಕನ್ನಡಕ್ಕೆ ತಿರುಗಿಸಿಕೊಡಿ" ಎಂದರು. ಅರಸೀಕೆರೆಯ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವಳು ನಾನು. ಒಂದೇ ಸಂಜೆಯಲ್ಲಿ ಎಲ್ಲವೂ ಕನ್ನಡವಾಯಿತು. ಒಂದು ವಾಕ್ಯ ಮಾತ್ರ ಆಗಲಿಲ್ಲ. ಅದು ಯಾವುದೆಂದು ನಿಮಗೆ ಗೊತ್ತೇ ಆಗಿರಬೇಕು.

ಮೇಲ್ನೋಟಕ್ಕೆ ಅದರಲ್ಲೇನೂ ಕಷ್ಟವಿಲ್ಲ. ಫೈನೆಸ್ಟ್ ಎಂದರೆ ಎಲ್ಲಕ್ಕಿಂತ ಉತ್ತಮವಾದದ್ದು, ಅವರ್ ಎಂದರೆ ಗಂಟೆ. "ಅತ್ಯುತ್ತಮ ಗಂಟೆ" ಎಂದು ಬರೆದು ನಾನೇ ನಕ್ಕೆ, ಪಾತ್ರೆ ಅಂಗಡಿಯವನು ದೇವರಮನೆಯ ಗಂಟೆಯನ್ನು ಹೊಗಳಿದ ಹಾಗಿತ್ತು. "ಸುವರ್ಣ ಘಳಿಗೆ" ಎಂದು ಬರೆದೆ. ಅದು ಮದುವೆಯ ಆಲ್ಬಮ್ಮಿನ ಮಾತು. "ಉಚ್ಛ್ರಾಯ ಕಾಲ" ಎಂದರೆ ಚರಿತ್ರೆಯ ಪುಸ್ತಕದಲ್ಲಿ ಕೃಷ್ಣದೇವರಾಯನ ಕಾಲಕ್ಕೆ ಹೇಳುವುದು. ಮಲಗಿದ ಮುದುಕಿಯ ಬಟ್ಟೆ ಬದಲಾಯಿಸುವವಳಿಗೆ ಉಚ್ಛ್ರಾಯವೆಲ್ಲಿಯದು?

ಮೇಲೇರಿದ ಹೊತ್ತಿಗೆ ಇಂಗ್ಲಿಷಿನಲ್ಲಿ ಹಲವು ಮಾತುಗಳಿವೆ, ಒಂದರಂತೆ ಒಂದಿಲ್ಲ. ರೆಡ್ ಲೆಟರ್ ಡೇ ಎನ್ನುತ್ತಾರೆ. ಅವರ ಹಳೆಯ ಪಂಚಾಂಗಗಳಲ್ಲಿ ಹಬ್ಬದ ದಿನಗಳನ್ನು ಕೆಂಪಕ್ಷರದಲ್ಲಿ ಬರೆಯುತ್ತಿದ್ದುದರಿಂದ ಬಂದ ಮಾತು ಅದು. ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ರಜಾ ದಿನ ಕೆಂಪಾಗಿರುತ್ತದಲ್ಲ, ಹಾಗೆಯೇ. ಹೇಡೇ ಎಂದರೆ ಮೆರೆದ ಕಾಲ, ಅದು ವರ್ಷಗಟ್ಟಲೆ ಇರಬಹುದು. 'ಟೈಮ್ ಆಫ್ ಮೈ ಲೈಫ್' ಎಂದರೆ ಬದುಕಿನ ಅವಧಿಯಲ್ಲ, ಮನಸಾರೆ ನಲಿದ ಹೊತ್ತು. ಹತ್ತನೆಯ ತರಗತಿಯ ಹುಡುಗನೊಬ್ಬ ಅದನ್ನು "ನನ್ನ ಆಯುಷ್ಯ" ಎಂದು ಬರೆದದ್ದು ನೆನಪಿದೆ. ಇವೆಲ್ಲ ಸುಖದ ಮಾತುಗಳು. ಫೈನೆಸ್ಟ್ ಅವರ್ ಮಾತ್ರ ಸುಖದ ಮಾತಲ್ಲ. ಅದು ಹುಟ್ಟಿದ್ದೇ ಕಷ್ಟದಲ್ಲಿ.

ಆ ಎರಡು ಪದಗಳು ಜೊತೆಯಾಗಿ ಲೋಕದ ಬಾಯಿಗೆ ಬಿದ್ದದ್ದು 1940ರ ಜೂನ್ 18ರಂದು. ಎರಡನೆಯ ಮಹಾಯುದ್ಧದ ಮೊದಲ ವರ್ಷ. ಚರ್ಚಿಲ್ ಇಂಗ್ಲೆಂಡಿನ ಪ್ರಧಾನಿಯಾಗಿ ಆರು ವಾರವೂ ಆಗಿರಲಿಲ್ಲ. ಡನ್‌ಕರ್ಕ್ ಕಡಲತೀರದಿಂದ 3 ಲಕ್ಷ 38 ಸಾವಿರ ಸೈನಿಕರು ಹಡಗು, ದೋಣಿ ಹತ್ತಿ ಜೀವ ಉಳಿಸಿಕೊಂಡು ಬಂದು ಎರಡು ವಾರವಾಗಿತ್ತು. ಜೊತೆಗಿದ್ದ ಫ್ರಾನ್ಸ್ ಹಿಂದಿನ ದಿನವಷ್ಟೇ ಇನ್ನು ಕಾದಾಡಲಾರೆನೆಂದು ಕೈಚೆಲ್ಲಿತ್ತು. ಮುಂದಿನ ಸರದಿ ತಮ್ಮದೆಂದು ಇಂಗ್ಲೆಂಡಿನ ಪ್ರತಿ ಮನೆಯವರಿಗೂ ಗೊತ್ತಿತ್ತು. ಅಂಥ ದಿನ ಚರ್ಚಿಲ್ ಪಾರ್ಲಿಮೆಂಟಿನಲ್ಲಿ ಮಾತಾಡಿದರು, ಸಂಜೆ ಅದನ್ನೇ ರೇಡಿಯೋದಲ್ಲಿ ಹೇಳಿದರು. ಸಾವಿರ ವರ್ಷ ಕಳೆದ ಮೇಲೂ ಜನ ಹಿಂತಿರುಗಿ ನೋಡಿ, ಇದೇ ಅವರ ಅತ್ಯುತ್ತಮ ಹೊತ್ತು ಎನ್ನಬೇಕು, ಹಾಗೆ ನಡೆದುಕೊಳ್ಳೋಣ ಎಂಬುದು ಆ ಮಾತಿನ ಸಾರ.

ಇದರಲ್ಲಿ ಮೂರು ಸೂಕ್ಷ್ಮಗಳಿವೆ. ಮೊದಲನೆಯದು, ಗೆದ್ದ ಮೇಲೆ ಹೇಳಿದ ಮಾತಲ್ಲ ಇದು. ಸೋಲು ಬಾಗಿಲಲ್ಲಿ ನಿಂತಿದ್ದಾಗ ಹೇಳಿದ್ದು. 1940ರ ಅದೇ ಬೇಸಗೆಯ ಕತೆಯನ್ನು 2017ರಲ್ಲಿ ಸಿನಿಮಾ ಮಾಡಿದವರು ಅದಕ್ಕಿಟ್ಟ ಹೆಸರು 'ಡಾರ್ಕೆಸ್ಟ್ ಅವರ್'. ಕಡುಗತ್ತಲ ಹೊತ್ತೂ ಅದೇ, ಅತ್ಯುತ್ತಮ ಹೊತ್ತೂ ಅದೇ! ಎರಡನೆಯದು, ಆ ಮಾತನ್ನು ಹೇಳಬೇಕಾದವರು ಆ ಹೊತ್ತಿನಲ್ಲಿ ಬದುಕುತ್ತಿರುವವರಲ್ಲ, ಮುಂದೆ ಬರುವವರು. ಮೂರನೆಯದು, ಚರ್ಚಿಲ್ "ನನ್ನ" ಎನ್ನಲಿಲ್ಲ, "ಅವರ" ಎಂದರು. ಬಾಂಬು ಬೀಳುವ ಊರುಗಳಲ್ಲಿ ಒಲೆ ಹಚ್ಚಿ ಮಕ್ಕಳನ್ನು ಮಲಗಿಸಬೇಕಾದ ಹೆಸರಿಲ್ಲದ ಜನರೆಲ್ಲರ ಹೊತ್ತು ಅದು.

ಇಷ್ಟಾದರೂ ನನಗೆ ಅನುವಾದ ದಕ್ಕಲಿಲ್ಲ. ಕಾಗದವನ್ನು ಪುಸ್ತಕದೊಳಗಿಟ್ಟು ಸುಮ್ಮನಾದೆ.

ಆ ವಾರವೇ ಬೆಂಗಳೂರಿನಿಂದ ಮಗಳ ಫೋನು ಬಂತು. ಮನೆ ಕೆಲಸದವಳು ಎರಡು ದಿನ ಹೇಳದೆ ಕೇಳದೆ ಬಂದಿರಲಿಲ್ಲವಂತೆ, ಮೂರನೆಯ ದಿನ ಬಂದಾಗ ಇವಳು ಬಾಯಿಗೆ ಬಂದಂತೆ ಬೈದಳಂತೆ. ಆಮೇಲೆ ತಿಳಿಯಿತು, ಆಕೆಯ ಮಗುವಿಗೆ ಜ್ವರವಂತೆ. ಇಷ್ಟು ಹೇಳಿ ಮಗಳು, "ನಾಟ್ ಮೈ ಫೈನೆಸ್ಟ್ ಅವರ್, ಅಮ್ಮ" ಎಂದು ಚಿಕ್ಕದಾಗಿ ನಕ್ಕು ಬೇರೆ ಮಾತಿಗೆ ಹೋದಳು.

ಈಗೀಗ ಇಂಗ್ಲಿಷ್ ಮಾತಾಡುವವರ ಬಾಯಲ್ಲಿ ಈ ಮಾತು ಹೀಗೇ ಕೇಳುತ್ತದೆ, "ಅಲ್ಲ" ಸೇರಿಕೊಂಡು. ಪರೀಕ್ಷೆಯಲ್ಲಿ ನಪಾಸಾದವರು, ಕುಡಿದು ಕೂಗಾಡಿದವರು, ಕೊಟ್ಟ ಮಾತಿಗೆ ತಪ್ಪಿದವರು, ಎಲ್ಲರೂ ಅದು ನನ್ನ ಅತ್ಯುತ್ತಮ ಹೊತ್ತಾಗಿರಲಿಲ್ಲ ಎನ್ನುತ್ತಾರೆ. ಎಷ್ಟು ನಯವಾದ ಮಾತು ನೋಡಿ. ತಪ್ಪು ಮಾಡಿದೆ ಎಂದರೆ ಯಾರಿಗೆ ಎಂಬ ಪ್ರಶ್ನೆ ಬರುತ್ತದೆ, ಕ್ಷಮೆ ಕೇಳಿದೆಯಾ ಎಂಬ ಪ್ರಶ್ನೆ ಬರುತ್ತದೆ. ಅತ್ಯುತ್ತಮ ಹೊತ್ತಲ್ಲ ಎಂದುಬಿಟ್ಟರೆ ಕೇಳುವವರೂ ನಕ್ಕುಬಿಡುತ್ತಾರೆ. ನನ್ನಲ್ಲಿ ಒಳ್ಳೆಯ ಹೊತ್ತುಗಳು ಬೇಕಾದಷ್ಟಿವೆ, ಇದೊಂದು ಅವುಗಳ ಪೈಕಿ ಅಲ್ಲ, ಅಷ್ಟೆ ಎಂದ ಹಾಗಾಯಿತು. ಬೈಸಿಕೊಂಡವಳು ಆ ವಾಕ್ಯದಲ್ಲಿ ಎಲ್ಲಿಯೂ ಇಲ್ಲ.

ಮಗಳಿಗೆ ಇದನ್ನೆಲ್ಲ ಹೇಳಿ ಬುದ್ಧಿ ಕಲಿಸೋಣವೆಂದು ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಎದುರಿಗೆ ದೇವರಮನೆಯ ಗೂಡಿನಲ್ಲಿ ಅತ್ತೆಯವರ ಗಂಟೆ ಕಾಣುತ್ತಿತ್ತು.

ಆ ಗಂಟೆಯ ವಿಷಯ ಈಗ ಹೇಳಲೇಬೇಕು.

ಅತ್ತೆಯವರಿಗೆ ಲಕ್ವ ಹೊಡೆದು ಎಡಭಾಗ ಸ್ವಾಧೀನ ತಪ್ಪಿತು. ಮಾತು ನಿಂತಿರಲಿಲ್ಲ, ಆದರೆ ದನಿ ಬಹಳ ಸಣ್ಣದಾಗಿತ್ತು. ಹಾಗಾಗಿ ಬಲಗೈಗೆ ಎಟುಕುವಂತೆ ಮಂಚದ ಪಕ್ಕದ ಸ್ಟೂಲಿನ ಮೇಲೆ ಒಂದು ಹಿತ್ತಾಳೆಯ ಗಂಟೆ ಇಟ್ಟಿದ್ದೆವು. ಬೇಕಾದಾಗ ಅಲ್ಲಾಡಿಸುತ್ತಿದ್ದರು. ಹಗಲು ಒಬ್ಬಾಕೆ ಬಂದು ನೋಡಿಕೊಳ್ಳುತ್ತಿದ್ದಳು, ಬೆಳಗು ಮತ್ತು ರಾತ್ರಿ ನನ್ನದು. ನಮ್ಮ ಮನೆಯವರಿಗೆ ಮೊದಲಿನಿಂದ ಗಾಢ ನಿದ್ದೆ, ಗಂಟೆಗೆ ಏಳುತ್ತಿದ್ದವಳು ನಾನೊಬ್ಬಳೇ.

ನಾಲ್ಕನೆಯ ವರ್ಷದ ಏಪ್ರಿಲ್. ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ದಿನವೂ ಹಾಸನಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬೆಳಗ್ಗೆ ಐದಕ್ಕೆ ಎದ್ದು ಅಡುಗೆ ಮಾಡಿ, ಅತ್ತೆಗೆ ಮೈ ಒರೆಸಿ, ತಿಂಡಿ ತಿನ್ನಿಸಿ ಹೊರಟರೆ ಮನೆ ಸೇರುವಾಗ ದೀಪ ಹಚ್ಚುವ ಹೊತ್ತು ಮೀರಿರುತ್ತಿತ್ತು. ಒಂದು ರಾತ್ರಿ ಗಂಟೆ ನಾಲ್ಕು ಸಲ ಬಾರಿಸಿತು. ಒಮ್ಮೆ ನೀರಿಗೆ, ಒಮ್ಮೆ ಮಗ್ಗುಲು ಬದಲಿಸಲು, ಒಮ್ಮೆ ಕಿಟಕಿ ಮುಚ್ಚಲು, ಮತ್ತೊಮ್ಮೆ ಅದೇ ಕಿಟಕಿ ತೆರೆಯಲು. ನಾಲ್ಕನೆಯ ಸಲ ಕಿಟಕಿ ತೆರೆದವಳು, ಅವರ ಮುಖ ನೋಡದೆ, ಸ್ಟೂಲಿನ ಮೇಲಿದ್ದ ಗಂಟೆಯನ್ನೆತ್ತಿ ಅಲಮಾರಿನ ಮೇಲೆ ಇಟ್ಟೆ. ಇಟ್ಟು ಬಂದು ಮಲಗಿದೆ. ಚೆನ್ನಾಗಿ ನಿದ್ದೆಯೂ ಬಂತು.

ಬೆಳಗ್ಗೆ ಹೋಗಿ ನೋಡಿದರೆ ಅತ್ತೆ ಒದ್ದೆಯಲ್ಲಿ ಮಲಗಿದ್ದರು. ಎಷ್ಟು ಹೊತ್ತಿನಿಂದಲೋ! ಹಾಸಿಗೆ ತಣ್ಣಗಾಗಿತ್ತು. ಅವರ ಕಣ್ಣು ತೆರೆದೇ ಇತ್ತು. ನನ್ನ ಕೈ ನಡುಗಿತು. ಅಷ್ಟರಲ್ಲಿ ನಮ್ಮ ಮನೆಯವರು ಬಂದು, "ಅಯ್ಯೋ, ಇದೇನಮ್ಮ, ಗಂಟೆ ಬಾರಿಸಬಾರದಾಗಿತ್ತೆ?" ಎಂದರು. ಅತ್ತೆ ನನ್ನನ್ನು ನೋಡಲಿಲ್ಲ. ಮಗನನ್ನೇ ನೋಡುತ್ತ, "ಕೈ ಜಾರಿ ಬಿದ್ದುಹೋಯ್ತಪ್ಪ. ಎಲ್ಲಿ ಉರುಳಿತೋ, ಕತ್ತಲಲ್ಲಿ ಕಾಣಲಿಲ್ಲ" ಎಂದರು.

ಇವರು ಮಂಚದ ಕೆಳಗೆ ಬಗ್ಗಿ ಹುಡುಕತೊಡಗಿದರು. ನಾನು ಬಟ್ಟೆ ತರುವ ನೆಪದಲ್ಲಿ ಅಲಮಾರಿನತ್ತ ಹೋಗಿ, ಗಂಟೆಯನ್ನು ಸೀರೆಯ ಮಡಿಕೆಯಲ್ಲಿಟ್ಟುಕೊಂಡು ಬಂದು, "ಇಲ್ಲೇ ಇತ್ತು" ಎಂದೆ. ಸಂಜೆ ಹಾಸನದಿಂದ ಬಂದವಳು ಹಳೆಯ ಸೀರೆಯ ಅಂಚು ಹರಿದು, ಗಂಟೆಯನ್ನು ಮಂಚದ ಕಾಲಿಗೆ ಕಟ್ಟಿದೆ. ಕಟ್ಟುವುದನ್ನೇ ನೋಡುತ್ತಿದ್ದ ಅತ್ತೆ, "ಇನ್ನು ಬೀಳಲ್ಲ ಬಿಡೆ" ಎಂದರು. ನಾವಿಬ್ಬರೂ ಆ ವಿಷಯವಾಗಿ ಆಡಿದ ಮಾತು ಅದೊಂದೇ. ನಾನು ಕ್ಷಮೆ ಕೇಳಲಿಲ್ಲ. ನಾಳೆ ಕೇಳೋಣ, ನಾಡಿದ್ದು ಕೇಳೋಣ ಎಂದುಕೊಳ್ಳುತ್ತಲೇ ಎರಡು ವರ್ಷ ಕಳೆಯಿತು, ಅವರು ಹೋದರು.

ಮೈದುನ ಹೊಗಳಿದ ಆರು ವರ್ಷದೊಳಗೇ ಈ ರಾತ್ರಿಯೂ ಇದೆ. ಹಾಗೆಂದು ಉಳಿದ ರಾತ್ರಿಗಳು ಸುಳ್ಳೆ? ಅದೂ ಅಲ್ಲ. ನಾನು ಎದ್ದ ಸಾವಿರ ರಾತ್ರಿಗಳು ನಿಜ, ಏಳದ ಒಂದು ರಾತ್ರಿಯೂ ನಿಜ. ಸಾವಿರವನ್ನು ಒಂದು ಅಳಿಸಲಾರದು, ಒಂದನ್ನು ಸಾವಿರವೂ ಅಳಿಸಲಾರದು. ಫೈನೆಸ್ಟ್ ಅವರ್ ಎಂಬ ಮಾತಿನ ಮೇಲೆ ನನ್ನ ಜಗಳವೇ ಇದು. ಅದು ಒಂದು ಹೊತ್ತನ್ನು ಬೆಳಕಿಗೆ ಹಿಡಿದು ಉಳಿದದ್ದನ್ನು ಕತ್ತಲಿಗೆ ತಳ್ಳುತ್ತದೆ.

ಚರ್ಚಿಲ್ಲರ ಮಾತನ್ನೇ ತೆಗೆದುಕೊಳ್ಳಿ. 1940ರಲ್ಲಿ ಅವರ ಧೈರ್ಯ ನಿಜ, ಹಿಟ್ಲರನಿಗೆ ಅವರು ತಲೆಬಾಗದಿದ್ದುದು ಲೋಕಕ್ಕೆ ಒಳ್ಳೆಯದೇ ಆಯಿತು. ಆ ಯುದ್ಧಕ್ಕೆ ನಮ್ಮ ದೇಶವನ್ನು ನಮ್ಮ ನಾಯಕರನ್ನು ಒಂದು ಮಾತೂ ಕೇಳದೆ 1939ರಲ್ಲೇ ಸೇರಿಸಿದ್ದರು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 25 ಲಕ್ಷ ಭಾರತೀಯರು ಸೈನ್ಯದಲ್ಲಿದ್ದರು. ಮೂರೇ ವರ್ಷದ ಮೇಲೆ, 1943ರಲ್ಲಿ, ಬಂಗಾಳದಲ್ಲಿ ಕ್ಷಾಮ ಬಂತು. ಬರ್ಮಾ ಜಪಾನೀಯರ ಕೈಸೇರಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತ್ತು, ಚಂಡಮಾರುತ ಪೈರನ್ನು ಹಾಳು ಮಾಡಿತ್ತು, ಶತ್ರುವಿಗೆ ಸಿಗಬಾರದೆಂದು ಸರ್ಕಾರವೇ ಹಳ್ಳಿಗರ ದೋಣಿಗಳನ್ನು ಕಿತ್ತುಕೊಂಡಿತ್ತು, ಅಕ್ಕಿಯ ಬೆಲೆ ಕೂಲಿಯವರ ಕೈಗೆ ಎಟುಕದಷ್ಟು ಏರಿತ್ತು. ಧಾನ್ಯ ಕಳಿಸಿ ಎಂದು ಇಲ್ಲಿಂದ ಮತ್ತೆ ಮತ್ತೆ ಕೇಳಿದರೂ ಚರ್ಚಿಲ್ಲರ ಯುದ್ಧ ಸಂಪುಟ ಕೇಳಿದಷ್ಟು ಹಡಗುಗಳನ್ನು ಕೊಡಲಿಲ್ಲ. ಸತ್ತವರು 20ರಿಂದ 30 ಲಕ್ಷವೆಂದು ಲೆಕ್ಕ. ಒಂದು ಹೊತ್ತಿನಲ್ಲಿ ಅಷ್ಟು ದೊಡ್ಡದಾಗಿ ನಿಂತ ಮನುಷ್ಯ ಇನ್ನೊಂದು ಹೊತ್ತಿನಲ್ಲಿ ಹೀಗೆ. ಬಂಗಾಳದ ತಾಯಂದಿರೂ ಒಂದು ರೀತಿಯಲ್ಲಿ ಗಂಟೆ ಬಾರಿಸಿದವರೇ. ಅಷ್ಟು ಜನರ ಸಾವಿನ ಮುಂದೆ ನನ್ನ ಮನೆಯ ಒಂದು ರಾತ್ರಿ ಏನೂ ಅಲ್ಲ, ಎರಡನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಕೇಳಿಸಿದ್ದನ್ನು ಕೇಳಿಸದಂತೆ ಇರುವುದು ದೊಡ್ಡವರಿಗೂ ಸಣ್ಣವರಿಗೂ ಎಷ್ಟು ಸುಲಭ ಎಂದಷ್ಟೇ ಹೇಳುತ್ತಿದ್ದೇನೆ.

ಈ ವಿಷಯದಲ್ಲಿ ನಮ್ಮ ಪಂಚಾಂಗವೇ ಮೇಲು ಎನ್ನಿಸುತ್ತದೆ. ಮಲಗಿದ ಮೇಲೂ ಅತ್ತೆಗೆ ದಿನವೂ ಪಂಚಾಂಗ ಓದಿ ಹೇಳಬೇಕಾಗಿತ್ತು. ಹಾಗೆ ಓದುವಾಗಲೇ ನನಗೆ ತಿಳಿದದ್ದು, ಪ್ರತಿಯೊಂದು ನಕ್ಷತ್ರಕ್ಕೂ ಒಂದು ಅಮೃತಘಳಿಗೆ ಇದೆ, ಒಂದು ವಿಷಘಳಿಗೆಯೂ ಇದೆ. ಬರೀ ಅಮೃತದ ನಕ್ಷತ್ರವಿಲ್ಲ, ಬರೀ ವಿಷದ್ದೂ ಇಲ್ಲ. ನನಗೆ ಮುಹೂರ್ತಗಳಲ್ಲಿ ಅಂಥ ನಂಬಿಕೆಯೇನಿಲ್ಲ. ಆದರೆ ಎರಡನ್ನೂ ಒಂದೇ ಪುಟದಲ್ಲಿ ಅಕ್ಕಪಕ್ಕ ಬರೆದಿಟ್ಟ ಹಿರಿಯರ ಪ್ರಾಮಾಣಿಕತೆ ಇಷ್ಟವಾಯಿತು. ಇನ್ನೊಂದು ಮಾತು. ಘಳಿಗೆ ಎಂದರೆ 24 ನಿಮಿಷ. ಇಂಗ್ಲಿಷಿನವರ ಒಂದು ಅವರ್ ನಮ್ಮ ಎರಡೂವರೆ ಘಳಿಗೆ. ಮನುಷ್ಯರ ಒಳ್ಳೆಯತನ ಒಂದೇ ಸಲಕ್ಕೆ ಎಷ್ಟು ಹೊತ್ತು ನಿಲ್ಲಬಲ್ಲದೆಂಬುದಕ್ಕೆ ನಮ್ಮ ಅಳತೆಯೇ ಹತ್ತಿರವೇನೋ!

ಹಾಗಾದರೆ ಆ ಆರು ವರ್ಷದಲ್ಲಿ ಅತ್ಯುತ್ತಮ ಹೊತ್ತು ಎಂಬುದು ಇರಲೇ ಇಲ್ಲವೆ? ಇತ್ತು. ಆದರೆ ಅದು ನನ್ನದಲ್ಲ. ಒದ್ದೆ ಹಾಸಿಗೆಯಲ್ಲಿ ಮಲಗಿ, ಮಗನ ಮುಖ ನೋಡಿ, ಸೊಸೆಯ ಮಾನ ಉಳಿಸಲು ಆಡಿದ ಆ ಒಂದು ಸುಳ್ಳು. ಜೀವಮಾನವಿಡೀ ಸುಳ್ಳಾಡಬಾರದೆಂದು ಮಕ್ಕಳಿಗೆ ಹೇಳಿಕೊಟ್ಟ ಹೆಂಗಸು. ಕೈಯೂ ಇಲ್ಲದೆ ಕಾಲೂ ಇಲ್ಲದೆ ಮಲಗಿದವರು ಇನ್ನೊಬ್ಬರಿಗೆ ಕೊಡಲು ಅವರ ಬಳಿ ಉಳಿದಿದ್ದುದಾದರೂ ಏನು? ಸಮಾರಾಧನೆಯ ದಿನ ಅಷ್ಟು ಜನ ಮಾತಾಡಿದರು, ಯಾರೂ ಇದನ್ನು ಹೇಳಲಿಲ್ಲ. ಗೊತ್ತಿದ್ದವಳು ನಾನೊಬ್ಬಳೇ, ನಾನು ತಲೆ ತಗ್ಗಿಸಿ ಕೂತಿದ್ದೆ.

ಇಷ್ಟು ಬರೆದು ಮುಗಿಸಿದ್ದರೆ ನನಗೂ ನೆಮ್ಮದಿ, ಓದುವ ನಿಮಗೂ ನೆಮ್ಮದಿ. ಆದರೆ ಒಂದು ಅನುಮಾನ ನನ್ನನ್ನು ಬಿಟ್ಟಿಲ್ಲ. ಆ ರಾತ್ರಿಯಾದ ಮೇಲೆ ಮೂರು ವಾರ ಅತ್ತೆ ರಾತ್ರಿ ಗಂಟೆ ಬಾರಿಸಲೇ ಇಲ್ಲ. ನಾನೇ ಎಚ್ಚರವಾದಾಗ ಹೋಗಿ ನೋಡುತ್ತಿದ್ದೆ. ಆಗೆಲ್ಲ, "ಏನೂ ಬೇಡ, ಮಲಕ್ಕೊ ಹೋಗೆ" ಎನ್ನುತ್ತಿದ್ದರು. ಅದು ನನ್ನ ಮೇಲಿನ ಕನಿಕರವೋ, ನನ್ನ ಭಯವೋ? ಊಟ, ನೀರು, ಶುಚಿ ಎಲ್ಲಕ್ಕೂ ನನ್ನ ಕೈಯನ್ನೇ ನೋಡಬೇಕಾಗಿದ್ದವರು, ಆ ಸುಳ್ಳನ್ನೂ ಹೆದರಿಯೇ ಹೇಳಿದರೇನೋ? ಹಾಗಿದ್ದರೆ ನಾನು ಯಾವುದನ್ನು ಅವರ ಅಮೃತಘಳಿಗೆ ಎನ್ನುತ್ತಿದ್ದೇನೋ ಅದು ನನ್ನ ವಿಷಘಳಿಗೆಯ ಮುಂದುವರಿಕೆಯಷ್ಟೆ. "ಇನ್ನು ಬೀಳಲ್ಲ ಬಿಡೆ" ಎಂದಾಗ ಅವರ ಮುಖದಲ್ಲಿ ಸಣ್ಣ ನಗು ಇದ್ದ ಹಾಗೆ ನನಗೆ ನೆನಪು. ಇತ್ತೋ, ಇರಲೆಂದು ನಾನೇ ಆಮೇಲೆ ಸೇರಿಸಿಕೊಂಡೆನೋ, ಈಗ ಹೇಳಬಲ್ಲವರು ಯಾರು? ಕ್ಷಮೆಯನ್ನು ಬದುಕಿರುವಾಗಲೇ ಕೇಳಬೇಕೆನ್ನುವುದು ಇದಕ್ಕೇ ಇರಬೇಕು. ಕೇಳಿದ್ದರೆ ನನಗೆ ಉತ್ತರ ಸಿಗುತ್ತಿತ್ತು.

ಆ ರಾತ್ರಿ ನಮ್ಮ ಮನೆಯವರಿಗೆ ಎಲ್ಲವನ್ನೂ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾನು ಮಂಚದ ಕೆಳಗೆ ಹುಡುಕ್ತಿದ್ನಲ್ಲ, ಆಗಲೂ ಅಮ್ಮ ಏನೂ ಹೇಳಲಿಲ್ಲ ನೋಡು" ಎಂದರು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ನಾಲ್ಕು ಸಲ ಬಾರಿಸಿತು ಅಂದೆಯಲ್ಲ, ಒಂದು ಸಲವಾದರೂ ನಾನು ಏಳಬೇಕಾಗಿತ್ತು" ಎಂದರು. ಅದಕ್ಕೆ ನಾನೇನೂ ಹೇಳಲಿಲ್ಲ.

ಮರುದಿನ ಮೈದುನರಿಗೆ ಫೋನು ಮಾಡಿ, ನನ್ನ ಬಗ್ಗೆ ಇರುವ ಆ ವಾಕ್ಯವನ್ನು ತೆಗೆದುಬಿಡಿ ಎಂದೆ. "ಯಾಕೆ ಅತ್ತಿಗೆ, ಕನ್ನಡ ಸಿಗಲಿಲ್ವೆ?" ಎಂದರು. ಕನ್ನಡ ಸಿಕ್ಕಿತು, ಅದು ನಿಮ್ಮ ಅಮ್ಮನಿಗೆ ಸೇರಬೇಕಾದ್ದು ಎಂದು ಹೇಳಿ, ಗಂಟೆಯ ಕತೆಯನ್ನು ಅವರಿಗೂ ಹೇಳಿದೆ. ಪುಸ್ತಿಕೆಯಲ್ಲಿ ಆ ವಾಕ್ಯ ಬರಲಿಲ್ಲ. ಅಲ್ಲಿ ಬರೆಯಲಾಗದ್ದನ್ನು ಇಲ್ಲಿ ಬರೆದಿದ್ದೇನೆ.

ಆಮೇಲೆ ಮಗಳಿಗೂ ಫೋನು ಮಾಡಿದೆ. ಬುದ್ಧಿ ಹೇಳಲಿಲ್ಲ, ಕೆಲಸದಾಕೆಯ ಮಗುವಿನ ಜ್ವರ ಬಿಟ್ಟಿತೇ ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. "ನಾಳೆ ಬರ್ತಾಳಲ್ಲ ಅಮ್ಮ, ಕೇಳ್ತೀನಿ" ಎಂದಳು. "ನಾಳೆ ಕೇಳು, ಮರೀಬೇಡ" ಎಂದೆ.